ಉಪ್ಪು ಹಾಕಿ ಇಟ್ಟದ್ದು

ಎರಡು ವಾರದ ಹಿಂದೆ ಸಾಗರದಲ್ಲಿ, ನಮ್ಮ ಓಣಿಯ ಹೆಂಗಸರೆಲ್ಲ ಸೇರುವ ಕಡೆ, ನನ್ನ ಕೊರಿಯಾ ಪ್ರವಾಸದ ಬಗ್ಗೆ ಮಾತಾಡಿದ್ದೆ. ಅವತ್ತು ಬರಲು ಆಗದವರು ಅದನ್ನೇ ಬರೆದು ಕೊಡಿ ಅಂದರು. ಮಾತಾಡಿದ ಹಾಗೇ ಬರೆದಿದ್ದೇನೆ. ಅಲ್ಲಿ ಮರೆತಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನನ್ನ ಮಗಳು ದಕ್ಷಿಣ ಕೊರಿಯಾದ ಸುವೊನ್ ಊರಿನಲ್ಲಿ ಕೆಲಸದಲ್ಲಿದ್ದಾಳೆ. ರಾಜಧಾನಿ ಸೋಲ್‌ನಿಂದ ದಕ್ಷಿಣಕ್ಕೆ, ಮೆಟ್ರೋದಲ್ಲಿ ಸುಮಾರು ಒಂದು ಗಂಟೆ. ನವೆಂಬರ್ ಮಧ್ಯದಲ್ಲಿ ಹೋದವಳು ಮೂರು ವಾರ ಇದ್ದು ಬಂದೆ. ಹೊರಡುವ ಮೊದಲು ಯಾರನ್ನು ಕೇಳಿದರೂ ಒಂದೇ ಮಾತು, "ಅಲ್ಲಿ ನಿಮಗೆ ಊಟಕ್ಕೆ ಕಷ್ಟ." ನಾನು ಮೀನು, ಮಾಂಸ, ಮೊಟ್ಟೆ ಏನೂ ತಿನ್ನುವವಳಲ್ಲ ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ಅವಲಕ್ಕಿ, ಚಟ್ನಿಪುಡಿ, ಹಪ್ಪಳ ಕಟ್ಟಿಕೊಂಡೆ. ಮಗಳಿಗೆ ಅಂತ ಅಪ್ಪೆಮಿಡಿ ಉಪ್ಪಿನಕಾಯಿಯ ಎರಡು ಡಬ್ಬಿಯನ್ನು ನಾಲ್ಕು ಸುತ್ತು ಪ್ಲಾಸ್ಟಿಕ್ ಸುತ್ತಿ, ಬಟ್ಟೆಗಳ ನಡುವೆ ಇಟ್ಟುಕೊಂಡೆ.

ಊಟಕ್ಕೆ ಕಷ್ಟ ಆಯಿತಾ? ಸ್ವಲ್ಪ ಆಯಿತು, ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಜಾಡಿಗಳ ವಿಷಯ ಹೇಳಬೇಕು. ಆ ದೇಶದ ಒಳಗೆ ನಾನು ಹೊಕ್ಕಿದ್ದೇ ಆ ಜಾಡಿಗಳಿಂದ.

ಮಗಳ ಮನೆ ಇರುವುದು ಮೂರು ಮಹಡಿಯ ಒಂದು ಹಳೇ ಕಟ್ಟಡದಲ್ಲಿ. ಕೆಳಗಿನ ಮನೆಯಲ್ಲಿ ಮಾಲೀಕರಾದ ಅಜ್ಜಿ ಇದ್ದಾರೆ. ಅಜ್ಜಿಗೆ ಅಲ್ಲಿ ಹಲ್ಮೊನಿ ಅನ್ನುತ್ತಾರೆ, ನಾನೂ ಹಾಗೇ ಕರೆದೆ. ಮೊದಲ ದಿನ ಬೆಳಿಗ್ಗೆ ಬಟ್ಟೆ ಒಣಗಿಸಲು ತಾರಸಿಗೆ ಹೋದರೆ, ಅಲ್ಲಿ ಸಾಲಾಗಿ ಹನ್ನೊಂದು ಮಣ್ಣಿನ ಜಾಡಿ. ಕಂದು ಬಣ್ಣ, ಹೊಟ್ಟೆ ದೊಡ್ಡದು, ಮೇಲೆ ತಟ್ಟೆಯ ಹಾಗೆ ಮುಚ್ಚಳ. ನಮ್ಮ ಅಟ್ಟದ ಮೇಲಿದ್ದ ಉಪ್ಪಿನಕಾಯಿ ಭರಣಿಗಳೇ ಇಲ್ಲಿಗೆ ಬಂದು ಬಿಸಿಲು ಕಾಯಿಸುತ್ತಾ ಕೂತಿವೆಯೇನೋ ಅನ್ನಿಸಿತು. ಒಂದರ ಮುಚ್ಚಳ ಮುಟ್ಟಲು ಹೋದೆ, ಅಷ್ಟರಲ್ಲಿ ಹಲ್ಮೊನಿ ಮೇಲೆ ಬಂದರು. ಬೈಯಲಿಲ್ಲ. ತಾವೇ ಮುಚ್ಚಳ ತೆಗೆದು, ಬೆರಳಲ್ಲಿ ಒಂದಿಷ್ಟು ಅದ್ದಿ ನನ್ನ ಅಂಗೈಗೆ ಹಚ್ಚಿದರು. ಉಪ್ಪು, ಹುಳಿ, ಹಿಂದೆ ಬರುವ ಒಂದು ಗಾಢ ರುಚಿ. ಸೋಯಾ ಕಾಳನ್ನು ಬೇಯಿಸಿ, ಕುಟ್ಟಿ, ಇಟ್ಟಿಗೆಯ ಹಾಗೆ ತಟ್ಟಿ, ಹುಲ್ಲಿನ ಹಗ್ಗದಲ್ಲಿ ನೇತುಹಾಕಿ ಒಣಗಿಸಿ, ಆಮೇಲೆ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಇಟ್ಟದ್ದು. ಅದರ ನೀರು ಬಸಿದರೆ ಸೋಯಾ ಸಾಸ್ ಆಗುತ್ತದೆ, ಅದಕ್ಕೆ ಅವರು ಗಾಂಜಾಂಗ್ ಅನ್ನುತ್ತಾರೆ. ಉಳಿದ ಗಟ್ಟಿಯೇ ದ್ವೆಂಜಾಂಗ್. ಇದನ್ನೆಲ್ಲ ಮಾಡುವ ವಿದ್ಯೆಯನ್ನು 2024ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ಹಲ್ಮೊನಿಗೆ ಆ ಪಟ್ಟಿಯ ಬಗ್ಗೆ ಏನೂ ಅನ್ನಿಸಿದ ಹಾಗೆ ಕಾಣಲಿಲ್ಲ. ಅವರಿಗೆ ಆ ಜಾಡಿಗೆ ಬಿಸಿಲು ಸರಿಯಾಗಿ ಬೀಳಬೇಕು, ಅಷ್ಟೇ.

ಅಲ್ಲಿ ನವೆಂಬರ್ ಕೊನೆ ಅಂದರೆ ಕಿಮ್ಜಾಂಗ್ ಹೊತ್ತು. ಚಳಿಗಾಲಕ್ಕೆ ಬೇಕಾದ ಕಿಮ್ಚಿಯನ್ನೆಲ್ಲ, ಅಂದರೆ ಅವರ ಕೋಸಿನ ಉಪ್ಪಿನಕಾಯಿಯನ್ನೆಲ್ಲ, ಒಟ್ಟಿಗೆ ಮಾಡಿ ಇಡುವ ಕೆಲಸ. ನಮ್ಮಲ್ಲಿ ಏಪ್ರಿಲ್‌ನಲ್ಲಿ ಹಪ್ಪಳಕ್ಕೆ, ಮಿಡಿಗೆ ಓಣಿಯ ಹೆಂಗಸರೆಲ್ಲ ಒಂದೇ ಮನೆಯಲ್ಲಿ ಸೇರುತ್ತಿದ್ದೆವಲ್ಲ, ಅದೇ ಥರ. ಹಲ್ಮೊನಿಯ ಮನೆಗೆ ಸೊಸೆ, ತಂಗಿ, ಪಕ್ಕದ ಮನೆಯವರಿಬ್ಬರು ಬಂದಿದ್ದರು. ನಾನೂ ಮಗಳೂ ಸೇರಿಕೊಂಡೆವು. ನೂರಕ್ಕೆ ಹತ್ತಿರ ಕೋಸು. ನಮ್ಮ ಗುಂಡಗಿನ ಎಲೆಕೋಸು ಅಂದುಕೊಳ್ಳಬೇಡಿ, ಉದ್ದಕ್ಕೆ ಇರುತ್ತದೆ, ಎಲೆ ಮೆತ್ತಗೆ, ದಂಟು ಬಿಳಿ. ಅದನ್ನು ಉದ್ದಕ್ಕೆ ಸೀಳಿ, ಎಲೆ ಎಲೆಯ ನಡುವೆ ಕಲ್ಲುಪ್ಪು ಎರಚಿ, ರಾತ್ರಿಯಿಡೀ ಬಿಟ್ಟಿದ್ದರು. ಬೆಳಿಗ್ಗೆ ನೋಡಿದರೆ ಸೆಟೆದಿದ್ದ ಕೋಸು ನೀರು ಬಿಟ್ಟು ಬಟ್ಟೆಯ ಹಾಗೆ ಮಡಚುತ್ತಿತ್ತು. ನಾನು ಒಂದು ಎಲೆ ಹಿಡಿದು ಬಗ್ಗಿಸಿ ನೋಡಿ "ಆಯಿತು" ಅಂತ ತಲೆಯಾಡಿಸಿದೆ. ಹಲ್ಮೊನಿ ನನ್ನ ಮುಖ ನೋಡಿದರು. ಇವಳಿಗೆ ಕೆಲಸ ಗೊತ್ತು ಅಂತ ಅವರಿಗೆ ಆಗಲೇ ತಿಳಿಯಿತು ಅಂತ ಕಾಣುತ್ತದೆ. ನನಗೂ ಬಗ್ಗಿ ಕೂರಲು ಒಂದು ಮಣೆ ಕೊಟ್ಟರು.

ಮಿಡಿಗೆ ಉಪ್ಪು ಹಾಕಿ ಇಟ್ಟಾಗ ಏನಾಗುತ್ತದೆ ಹೇಳಿ? ಹತ್ತು ಹದಿನೈದು ದಿನದಲ್ಲಿ ಚಿರುಟುತ್ತದೆ, ನೀರು ಬಿಡುತ್ತದೆ, ಆ ನೀರಲ್ಲೇ ಸಾಸಿವೆ, ಮೆಣಸು ಬೀಸಿ ಹಾಕುತ್ತೇವೆ. ಇಲ್ಲೂ ಉಪ್ಪಿನದೇ ಕೆಲಸ. ಬೇಡದ ನೀರನ್ನು ಹೊರಗೆ ಎಳೆದು, ಕೊಳೆಯದ ಹಾಗೆ ನೋಡಿಕೊಂಡು, ಹುಳಿ ಬರಲು ದಾರಿ ಮಾಡಿಕೊಡುವುದು. ಆಮೇಲೆ ಮಸಾಲೆ. ಮೂಲಂಗಿ ಎಳೆ ಎಳೆಯಾಗಿ ಹೆಚ್ಚಿದ್ದು, ಬೆಳ್ಳುಳ್ಳಿ, ಶುಂಠಿ, ಈರುಳ್ಳಿ ಸೊಪ್ಪು, ಅಂಟು ಅಕ್ಕಿಹಿಟ್ಟಿನ ಗಂಜಿ, ಮತ್ತೆ ಒಣ ಮೆಣಸಿನಕಾಯಿಯ ತರಿ. ಆ ಮೆಣಸಿನ ತರಿಯ ಹೆಸರು ಗೊಚುಗಾರು, ನಮ್ಮ ಬ್ಯಾಡಗಿಯ ಥರ ಬಣ್ಣ ಜಾಸ್ತಿ, ಖಾರ ಕಡಿಮೆ. ಇದನ್ನೆಲ್ಲ ಕಲಸಿ ಒಂದೊಂದು ಎಲೆಗೂ ಒಳಹೊರಗೆ ಹಚ್ಚಬೇಕು. ಕೊನೆಯ ಎಲೆಯಿಂದ ಇಡೀ ಗಡ್ಡೆಯನ್ನು ಸುತ್ತಿ, ಮಗುವಿಗೆ ದುಪ್ಪಟಿ ಹೊದಿಸಿದ ಹಾಗೆ ಮಾಡಿ, ಡಬ್ಬಿಯಲ್ಲಿ ಒತ್ತಿ ಇಡಬೇಕು, ಗಾಳಿ ಉಳಿಯಬಾರದು. ಮೊದಲೆಲ್ಲ ಜಾಡಿಯನ್ನು ಅಂಗಳದಲ್ಲಿ ಹೂಳುತ್ತಿದ್ದರು. ಈಗ ಬಹಳ ಮನೆಗಳಲ್ಲಿ ಕಿಮ್ಚಿಗೇ ಅಂತ ಬೇರೆ ಫ್ರಿಜ್ ಇದೆ.

ಕೆಂಪು ಬಣ್ಣ ಇಲ್ಲದ ಕಿಮ್ಚಿಯನ್ನು ನಾವು ಊಹಿಸುವುದೂ ಇಲ್ಲ ಅಲ್ವಾ. ಆದರೆ ಮೆಣಸಿನಕಾಯಿ ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ನಮ್ಮ ಕರಾವಳಿಗೆ ಅದನ್ನು ತಂದವರು ಪೋರ್ಚುಗೀಸರು. ಕೊರಿಯಾಕ್ಕೂ ಅದು ತಲುಪಿದ್ದು ಹದಿನಾರನೇ ಶತಮಾನದ ಕೊನೆಯ ಹೊತ್ತಿಗೆ. ಅದಕ್ಕೂ ಮೊದಲು ನಮ್ಮ ಅಡುಗೆಯಲ್ಲಿ ಕಾಳುಮೆಣಸಿತ್ತು, ಅವರ ಕಿಮ್ಚಿ ಬರೀ ಉಪ್ಪಿನದ್ದಾಗಿತ್ತು. ಈಗಲೂ ಆ ಬಿಳಿ ಕಿಮ್ಚಿಯನ್ನು ಮಾಡುತ್ತಾರೆ. ಎರಡು ದೂರದ ಊರುಗಳು ಒಂದೇ ಬೀಜವನ್ನು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಮನೆಗೆ ಕರೆದುಕೊಂಡು, ಇದು ನಮ್ಮದೇ ಅನ್ನುವಷ್ಟು ಹಚ್ಚಿಕೊಂಡವು. ಆ ಮಸಾಲೆಯಲ್ಲಿ ಕೈ ಮುಳುಗಿಸಿ ಕೂತಾಗ ನನಗೆ ಇದು ತುಂಬಾ ದೊಡ್ಡ ವಿಷಯ ಅನ್ನಿಸಿತು.

ಈಗ ಕಷ್ಟದ ಮಾತು. ಕಿಮ್ಚಿಗೆ ಸಾಮಾನ್ಯವಾಗಿ ಉಪ್ಪು ಹಾಕಿದ ಸಣ್ಣ ಸಿಗಡಿ ಮತ್ತು ಮೀನಿನ ರಸ ಹಾಕುತ್ತಾರೆ. ಮಗಳು ನನ್ನ ವಿಷಯ ಹೇಳಿದಾಗ ಹಲ್ಮೊನಿ ಎದ್ದು ಹೋದರು. ಬೇಜಾರಾಯಿತೇನೋ ಅಂದುಕೊಂಡೆ. ಒಂದು ಬೇರೆ ಪಾತ್ರೆ ತಂದರು, ಎಂಟು ಕೋಸನ್ನು ಬದಿಗಿಟ್ಟರು, ಅದಕ್ಕೆ ತಾರಸಿಯ ಜಾಡಿಯಿಂದ ಸೋಯಾ ಸಾಸ್ ತಂದು ಹಾಕಿ, ಒಂದು ಪಿಯರ್ ಹಣ್ಣನ್ನು ತುರಿದು ಕಲಸಿದರು. ಆ ಪಾತ್ರೆಗೆ ಬೇರೆ ಯಾರ ಕೈಯೂ ಬೀಳದ ಹಾಗೆ ಕೊನೆಯವರೆಗೂ ನೋಡಿಕೊಂಡರು. ಮಡಿ ಅನ್ನುವ ಪದ ಅವರಿಗೆ ಗೊತ್ತಿರಲಿಕ್ಕಿಲ್ಲ. ನನಗಂತೂ ಅವತ್ತು ಬೇರೆ ಪದ ಹೊಳೆಯಲಿಲ್ಲ.

ಮಧ್ಯಾಹ್ನ ಎಲ್ಲರೂ ನೆಲದ ಮೇಲೆ ಕೂತು ಊಟ ಮಾಡಿದೆವು. ನೆಲ ಬೆಚ್ಚಗಿತ್ತು. ಹಿಂದೆ ಅಡುಗೆ ಒಲೆಯ ಹೊಗೆಯನ್ನೇ ಕೋಣೆಯ ಕಲ್ಲುಹಾಸಿನ ಕೆಳಗೆ ಹಾಯಿಸಿ ಮನೆ ಬೆಚ್ಚಗೆ ಇಡುತ್ತಿದ್ದರು, ಅದಕ್ಕೆ ಓಂದೊಲ್ ಅಂತ ಹೆಸರು. ಈಗ ಬಿಸಿನೀರಿನ ಕೊಳವೆ ಹಾಕುತ್ತಾರೆ. ಚಪ್ಪಲಿ ಹೊರಗೆ ಬಿಡುವುದು, ನೆಲಕ್ಕೆ ಕೂರುವುದು, ನೆಲದಲ್ಲೇ ಹಾಸಿ ಮಲಗುವುದು, ಹಿರಿಯರು ಮೊದಲ ತುತ್ತು ತೆಗೆದ ಮೇಲೆ ಉಳಿದವರು ಶುರು ಮಾಡುವುದು, ನನಗೆ ಇದ್ಯಾವುದನ್ನೂ ಯಾರೂ ಕಲಿಸಬೇಕಾಗಲಿಲ್ಲ. ಕಲಿಯಬೇಕಾದದ್ದು ಲೋಹದ ಕಡ್ಡಿಗಳನ್ನು ಮಾತ್ರ. ಅನ್ನಕ್ಕೆ ಚಮಚ ಇರುವುದರಿಂದ ನಿಭಾಯಿತು. ಆಗ ನಾನು ಅಪ್ಪೆಮಿಡಿಯ ಡಬ್ಬಿ ತೆಗೆದೆ. ಹಲ್ಮೊನಿ ಒಂದು ಮಿಡಿ ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಏನು, ಯಾವ ಕಾಯಿ, ಎಷ್ಟು ದಿನ ಉಪ್ಪಲ್ಲಿ, ಎಷ್ಟು ವರ್ಷ ಇರುತ್ತದೆ ಅಂತ ಮಗಳನ್ನು ಸಾಲಾಗಿ ಕೇಳಿದರು. ಮೂರು ವರ್ಷ ಇಟ್ಟದ್ದೂ ನಮ್ಮ ಮನೆಯಲ್ಲಿದೆ ಅಂದಾಗ ಅಲ್ಲಿದ್ದ ಐವರೂ ಒಟ್ಟಿಗೆ "ಓ" ಅಂದರು. ಅವರಲ್ಲೂ ವರ್ಷಗಟ್ಟಲೆ ಇಟ್ಟ ಕಿಮ್ಚಿಗೆ ಬೇರೆ ಮರ್ಯಾದೆ ಇದೆ.

ಹೊರಗಿನ ಊಟದ ಕಥೆ ಇಷ್ಟು. ಮಾರುಕಟ್ಟೆಯ ಹತ್ತಿರ ಒಂದು ಸಣ್ಣ ಹೋಟೆಲಲ್ಲಿ ಮಾಂಸ ಹಾಕಬೇಡಿ ಅಂತ ಹೇಳಿ ದ್ವೆಂಜಾಂಗ್ ಸಾರು ತರಿಸಿದೆವು. ಅರ್ಧ ತಿಂದ ಮೇಲೆ ಗೊತ್ತಾಯಿತು, ಸಾರಿನ ನೀರನ್ನೇ ಒಣಮೀನು ಹಾಕಿ ಕುದಿಸಿರುತ್ತಾರೆ ಅಂತ. ಮಾಂಸ ಬೇಡ ಅಂದರೆ ಅವರು ಮಾಂಸದ ತುಂಡು ಹಾಕುವುದಿಲ್ಲ, ಕುದಿಸಿದ ನೀರು ಆ ಲೆಕ್ಕಕ್ಕೆ ಬರುವುದಿಲ್ಲ. ನನಗೆ ಅಳು ಬಂತು, ಸುಳ್ಳು ಹೇಳುವುದಿಲ್ಲ. ಹೋಟೆಲಿನ ಹೆಂಗಸು ಓಡಿ ಬಂದು, ಎರಡೂ ಕೈ ಜೋಡಿಸಿ ಬಗ್ಗಿ, ಆ ಸಾರು ತೆಗೆದು, ಬಿಸಿ ಅನ್ನ, ಎಳ್ಳೆಣ್ಣೆ, ಪಾಲಕ್, ಮೊಳಕೆಕಾಳು, ಬೆಟ್ಟದ ಜರೀಗಿಡದ ಚಿಗುರಿನ ಪಲ್ಯ ತಂದಿಟ್ಟರು. ಹಾಂ, ಜರೀಗಿಡ. ಕೊಡಗಿನವರು ತೆರ್ಮೆ ಸೊಪ್ಪು ಮಾಡುತ್ತಾರಲ್ಲ, ಹಾಗೆ. ದುಡ್ಡು ತೆಗೆದುಕೊಳ್ಳಲಿಲ್ಲ. ನಿಮ್ಮಲ್ಲಿ ಯಾರಾದರೂ ಸಸ್ಯಾಹಾರಿಗಳು ಹೋಗುವುದಾದರೆ ನೆನಪಿಡಿ, ಮೀನು, ಸಿಗಡಿ, ಮೀನಿನ ನೀರು ಇವೆಲ್ಲವನ್ನೂ ಬೇರೆ ಬೇರೆ ಹೆಸರಿಟ್ಟು ಬೇಡ ಅನ್ನಬೇಕು. ಅದನ್ನು ಅವರ ಭಾಷೆಯಲ್ಲಿ ಬರೆಸಿಟ್ಟುಕೊಳ್ಳಿ.

ಸೋಲ್‌ನ ಗ್ವಾಂಗ್‌ಜಾಂಗ್ ಮಾರುಕಟ್ಟೆ 1905ರಿಂದ ನಡೆಯುತ್ತಿದೆ. ಅಲ್ಲಿ ಹೆಸರುಬೇಳೆಯನ್ನು ನೆನೆಸಿ, ಬೀಸುಕಲ್ಲಿನಲ್ಲಿ ರುಬ್ಬಿ, ನಮ್ಮ ಕಣ್ಣೆದುರೇ ಎಣ್ಣೆಯಲ್ಲಿ ದಪ್ಪ ದೋಸೆಯ ಹಾಗೆ ಬೇಯಿಸುತ್ತಾರೆ. ಬಿಂದೆತ್ತೊಕ್ ಅಂತ ಹೆಸರು. ಮಾಂಸ ಹಾಕಿದ್ದೂ ಇರುತ್ತದೆ, ಕೇಳಿ ತಿನ್ನಬೇಕು. ಶರತ್ಕಾಲದ ಚುಸೊಕ್ ಹಬ್ಬಕ್ಕೆ ಸೊಂಗ್‌ಪ್ಯೊನ್ ಮಾಡುತ್ತಾರೆ. ಅಕ್ಕಿಹಿಟ್ಟಿನ ಕಣಕದಲ್ಲಿ ಎಳ್ಳಿನ ಹೂರಣ ತುಂಬಿ, ಅರ್ಧಚಂದ್ರದ ಹಾಗೆ ಮಡಚಿ, ಪೈನ್ ಮರದ ಎಳೆಗಳ ಮೇಲಿಟ್ಟು ಹಬೆಯಲ್ಲಿ ಬೇಯಿಸುವುದು. ಗಣಪತಿ ಹಬ್ಬದ ಕಡುಬು ತಿಂದವರು ಅದನ್ನು ನೋಡಿ ಸುಮ್ನೆ ಇರಲು ಆಗುವುದಿಲ್ಲ.

ಇನ್ನೊಂದು ವಿಷಯ. ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಹಲ್ಮೊನಿ ನನ್ನನ್ನು ಒಂದು ಮಾತು ಕೇಳುತ್ತಿದ್ದರು. "ಬಾಪ್ ಮೊಗೊಸ್ಸೊಯೊ?" ಮಗಳನ್ನು ಕೇಳಿದೆ, ಅರ್ಥ ಏನೆ ಅಂತ. "ಊಟ ಆಯ್ತಾ ಅಂತ ಅಮ್ಮ," ಅಂದಳು. ಅಲ್ಲಿ ಅದು ಹೇಗಿದ್ದೀರಿ ಅನ್ನುವ ಮಾತು. ನಮ್ಮ ಹಾಗೇ. ಅಪ್ಪನಿಗೆ ಅವರ ಮಕ್ಕಳೂ ಆಪ್ಪ ಅನ್ನುತ್ತಾರೆ, ಅಮ್ಮನಿಗೆ ಒಮ್ಮ. ಹೋಟೆಲಿನ ಹೆಂಗಸನ್ನು ಇಮೊ ಅಂತ ಕರೆಯುತ್ತಾರೆ, ಇಮೊ ಅಂದರೆ ತಾಯಿಯ ಅಕ್ಕತಂಗಿ. ವಾಕ್ಯದ ಕೊನೆಗೆ ಕ್ರಿಯಾಪದ ಬರುವುದೂ ನಮ್ಮ ಹಾಗೇ, ಹಿರಿಯರಿಗೆ ಕಿರಿಯರಿಗೆ ಬೇರೆ ಬೇರೆ ಕೊನೆ ಹಚ್ಚುವುದೂ ಹಾಗೇ. ಇದನ್ನು ನೋಡಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳು ನೆಂಟರು ಅಂತ ನೂರು ವರ್ಷದ ಹಿಂದೆಯೇ ವಾದ ಮಾಡಿದವರಿದ್ದಾರೆ. ಇವತ್ತಿನ ಭಾಷಾತಜ್ಞರು ಅದನ್ನು ಒಪ್ಪುವುದಿಲ್ಲ. ಒಪ್ಪದಿದ್ದರೂ ಪರವಾಗಿಲ್ಲ, ನೆಂಟಸ್ತನ ಇಲ್ಲದೆಯೂ ಯಾರಾದರೂ ಊಟ ಆಯ್ತಾ ಅಂತ ಕೇಳಿದರೆ ಮನಸ್ಸು ತಣ್ಣಗಾಗುತ್ತದೆ.

ಸುವೊನ್‌ನಲ್ಲಿ ನೋಡಲೇಬೇಕಾದದ್ದು ಹ್ವಾಸೊಂಗ್ ಕೋಟೆ. ಮಗಳ ಮನೆಯಿಂದ ನಡೆದೇ ಹೋದೆವು. ಇದರ ಹಿಂದೆ ಒಂದು ದುಃಖದ ಕಥೆ ಇದೆ. 1762ರಲ್ಲಿ ಯೊಂಗ್‌ಜೊ ಅನ್ನುವ ರಾಜ ತನ್ನ ಮಗನನ್ನೇ ಅಕ್ಕಿ ಪೆಟ್ಟಿಗೆಯಲ್ಲಿ ಕೂಡಿ ಬೀಗ ಹಾಕಿಸಿದ. ಎಂಟು ದಿನಕ್ಕೆ ಅವನು ಸತ್ತ. ಸತ್ತವನ ಮಗ ಆಗ ಚಿಕ್ಕ ಹುಡುಗ. ಅವನೇ ಮುಂದೆ ಜೊಂಗ್‌ಜೊ ಅನ್ನುವ ರಾಜನಾಗಿ, ಅಪ್ಪನ ಸಮಾಧಿಯನ್ನು ಸುವೊನ್ ಹತ್ತಿರಕ್ಕೆ ತಂದು, 1794ರಿಂದ 1796ರ ನಡುವೆ ಈ ಕೋಟೆ ಕಟ್ಟಿಸಿದ. ಸುತ್ತಳತೆ ಐದೂವರೆ ಕಿಲೋಮೀಟರಿಗೂ ಜಾಸ್ತಿ. ಉತ್ತರ, ದಕ್ಷಿಣ ಕೊರಿಯಾಗಳ ನಡುವಿನ ಯುದ್ಧದಲ್ಲಿ ಬಹಳಷ್ಟು ಹಾಳಾಯಿತು. ಈಗ ನಾವು ನೋಡುವುದರಲ್ಲಿ ತುಂಬಾ ಭಾಗ 1970ರ ದಶಕದಲ್ಲಿ ಮತ್ತೆ ಕಟ್ಟಿದ್ದು.

ಹೇಗೆ ಕಟ್ಟಿದರು ಗೊತ್ತಾ? ಕೋಟೆ ಕಟ್ಟಿದಾಗಲೇ ಅದರ ಪೂರ್ತಿ ಲೆಕ್ಕ ಬರೆದಿಟ್ಟಿದ್ದರು, 1801ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಪ್ರತಿ ಕಟ್ಟಡದ ಚಿತ್ರ, ಎಷ್ಟು ಕಲ್ಲು, ಎಷ್ಟು ಇಟ್ಟಿಗೆ, ಭಾರ ಎತ್ತುವ ರಾಟೆ ಯಂತ್ರ ಹೇಗಿತ್ತು, ಎಲ್ಲ ಇದೆ. ಕಲ್ಲು ಕೆತ್ತಿದವನ ಹೆಸರು, ಬಡಗಿಯ ಹೆಸರು, ಯಾರು ಎಷ್ಟು ದಿನ ಕೆಲಸ ಮಾಡಿದರು, ಎಷ್ಟು ಕೂಲಿ ಕೊಟ್ಟರು ಅನ್ನುವುದೂ ಇದೆ. ನಮ್ಮ ಇಕ್ಕೇರಿ, ಕೆಳದಿ ದೇವಸ್ಥಾನಗಳ ಮುಂದೆ ನಾನು ಎಷ್ಟೋ ಸಲ ನಿಂತಿದ್ದೇನೆ. ಇವನ್ನು ಕೆತ್ತಿದ ಕೈ ಯಾರದು ಅಂತ ಕೇಳಿಕೊಂಡಿದ್ದೇನೆ. ಇಲ್ಲಿ ಕೂಲಿಯವನ ಹೆಸರು ಇನ್ನೂರು ವರ್ಷ ಉಳಿದಿದೆ. ಗೋಡೆ ಬಿದ್ದರೂ ಗೋಡೆಯ ಲೆಕ್ಕ ಬೀಳಲಿಲ್ಲ. ಹಾಗಾಗಿ ಗೋಡೆ ಮತ್ತೆ ಎದ್ದಿತು.

ಸೋಲ್ ಬಗ್ಗೆ ಎಲ್ಲರೂ ಎಲ್ಲ ಹೇಳಿರುತ್ತಾರೆ, ನಾನು ಜಾಸ್ತಿ ಹೇಳುವುದಿಲ್ಲ. ಮೆಟ್ರೋ ಸ್ವಚ್ಛ, ಜನ ಮೆಲ್ಲಗೆ ಮಾತಾಡುತ್ತಾರೆ, ರಸ್ತೆಯಲ್ಲಿ ಕಸದ ಡಬ್ಬಿ ಸಿಗುವುದು ಕಷ್ಟ, ಬಾಳೆಹಣ್ಣಿನ ಸಿಪ್ಪೆಯನ್ನು ಚೀಲದಲ್ಲಿಟ್ಟುಕೊಂಡು ಮನೆತನಕ ತಂದೆ. ಗ್ಯೊಂಗ್‌ಬೊಕ್‌ಗುಂಗ್ ಅರಮನೆಗೆ ಅವರ ಸಾಂಪ್ರದಾಯಿಕ ಉಡುಪು ಹನ್‌ಬೊಕ್ ಹಾಕಿಕೊಂಡು ಹೋದರೆ ಟಿಕೆಟ್ ಇಲ್ಲ. ಮಗಳು ಬಾಡಿಗೆಗೆ ತೊಟ್ಟಳು, ನಾನು ಇಳಕಲ್ ಸೀರೆಯಲ್ಲೇ ಹೋಗಿ ಟಿಕೆಟ್ ತೆಗೆದುಕೊಂಡೆ. ಆ ಅರಮನೆ 1395ರದ್ದು. 1592ರಲ್ಲಿ ಜಪಾನಿನ ದಂಡು ಬಂದಾಗ ಸುಟ್ಟುಹೋಗಿ, ಇನ್ನೂರ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪಾಳು ಬಿದ್ದು, ಹತ್ತೊಂಬತ್ತನೇ ಶತಮಾನದಲ್ಲಿ ಮತ್ತೆ ಎದ್ದು, ಜಪಾನಿನ ಆಳ್ವಿಕೆಯಲ್ಲಿ ಮತ್ತೆ ಒಡೆಸಿಕೊಂಡು, ಈಗಲೂ ಒಂದೊಂದೇ ಕಟ್ಟಡವಾಗಿ ವಾಪಸು ಬರುತ್ತಾ ಇದೆ. ಬುಕ್‌ಚೊನ್ ಅನ್ನುವ ಹಳೇ ಮನೆಗಳ ಕೇರಿಗೆ ಹೋದರೆ ಮೆಲ್ಲಗೆ ನಡೆಯಿರಿ, ಅಲ್ಲಿ ಜನ ವಾಸ ಇದ್ದಾರೆ. ಪ್ರವಾಸಿಗರ ಕಾಟಕ್ಕೆ ಕೇರಿಯ ಒಂದು ಭಾಗದಲ್ಲಿ ಸಂಜೆ 5ರಿಂದ ಬೆಳಿಗ್ಗೆ 10ರವರೆಗೆ ಹೊರಗಿನವರು ಬರಬಾರದು ಅಂತ ಮಾಡಿದ್ದಾರೆ. ಸರಿಯಾಗೇ ಮಾಡಿದ್ದಾರೆ.

ಅರಮನೆಯ ಎದುರಿನ ದೊಡ್ಡ ಚೌಕದಲ್ಲಿ ಸೆಜೊಂಗ್ ರಾಜ ಕೂತಿದ್ದಾನೆ. ಅವರ ಅಕ್ಷರಗಳನ್ನು ಮಾಡಿದವನು. ನಾನು ಮೂವತ್ತೊಂದು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವಳು, ಅಲ್ಲಿಂದ ಬೇಗ ಏಳಲು ಆಗಲಿಲ್ಲ. ಅದಕ್ಕೂ ಮೊದಲು ಅಲ್ಲಿ ಚೀನೀ ಅಕ್ಷರಗಳಲ್ಲಿ ಬರೆಯಬೇಕಿತ್ತು, ಸಾಮಾನ್ಯ ಜನಕ್ಕೆ ಅದು ಕೈಗೆಟುಕುತ್ತಿರಲಿಲ್ಲ. 1443ರಲ್ಲಿ ಸೆಜೊಂಗ್ 28 ಅಕ್ಷರ ಸಿದ್ಧ ಮಾಡಿ 1446ರಲ್ಲಿ ಜನಕ್ಕೆ ಕೊಟ್ಟ. ಕ ಅನ್ನುವಾಗ ನಾಲಿಗೆಯ ಬುಡ ಮೇಲೆದ್ದು ಗಂಟಲು ಮುಚ್ಚುತ್ತದಲ್ಲ, ಅವರ ಆ ಅಕ್ಷರ ಆ ನಾಲಿಗೆಯ ಚಿತ್ರವೇ. ನ ಅಂದರೆ ತುದಿ ಎತ್ತಿದ ನಾಲಿಗೆ. ಮ ಅಂದರೆ ಬಾಯಿ. ಉಸಿರು ಸೇರಿಸಿದ ಸದ್ದಿಗೆ ಅದೇ ಅಕ್ಷರಕ್ಕೆ ಒಂದು ಗೀಟು ಜಾಸ್ತಿ. ನಮ್ಮ ವರ್ಣಮಾಲೆಯಲ್ಲಿ ಕ ಖ ಗ ಘ ಗಂಟಲಿಂದ ಶುರುವಾಗಿ, ಚ, ಟ, ತ ದಾಟಿ, ಪ ಫ ಬ ಭ ಮ ಅಂತ ತುಟಿಗೆ ಬಂದು ನಿಲ್ಲುತ್ತದೆ. ನಾವು ಬಾಯಿಯ ನಕ್ಷೆಯನ್ನು ಸಾಲಿನಲ್ಲಿ ಇಟ್ಟೆವು, ಅವರು ಅಕ್ಷರದ ಆಕಾರದಲ್ಲೇ ಇಟ್ಟರು. ಒಂದು ವಾರ ಕೂತು ನಾನು ಅದನ್ನು ಕಲಿತೆ. ಅಂಗಡಿಯ ಬೋರ್ಡು ಓದಲು ಬಂದಾಗ ಆದ ಖುಷಿ ಒಂದನೇ ಕ್ಲಾಸಿನ ಮಗುವಿನದು.

ಆ ಅಕ್ಷರವನ್ನು ಉಳಿಸಿಕೊಂಡದ್ದು ಸುಲಭದಲ್ಲಿ ಅಲ್ಲ. ಜಪಾನಿನ ಆಳ್ವಿಕೆ 1910ರಿಂದ 1945ರವರೆಗೆ. ಕೊನೆಕೊನೆಗೆ ಶಾಲೆಯಿಂದ ಅವರ ಭಾಷೆಯನ್ನೇ ತೆಗೆದರು, ಜನರ ಹೆಸರನ್ನೂ ಜಪಾನೀ ಮಾಡಿಸಿದರು. ಕೊರಿಯನ್ ನಿಘಂಟು ಬರೆಯುತ್ತಿದ್ದವರನ್ನು 1942ರಲ್ಲಿ ಹಿಡಿದು ಜೈಲಿಗೆ ಹಾಕಿ, ವರ್ಷಗಳ ಕೈಬರಹವನ್ನು ಸಾಕ್ಷಿ ಅಂತ ಹೊತ್ತೊಯ್ದರು. ಸ್ವಾತಂತ್ರ್ಯ ಬಂದ ಮೇಲೆ, 1945ರ ಸೆಪ್ಟೆಂಬರ್‌ನಲ್ಲಿ, ಸೋಲ್ ರೈಲ್ವೆ ನಿಲ್ದಾಣದ ಗೋದಾಮಿನಲ್ಲಿ ಆ ಕಟ್ಟುಗಳು ಸಿಕ್ಕಿದವು. ಅದರಿಂದಲೇ ನಿಘಂಟು ಅಚ್ಚಾಯಿತು. ಈ ಕಥೆ ಹೇಳುವಾಗ ಅವತ್ತು ಸಭೆಯಲ್ಲಿ ನನ್ನ ಗಂಟಲು ಕಟ್ಟಿತ್ತು, ಈಗ ಬರೆಯುವಾಗಲೂ ಹಾಗೇ ಆಗುತ್ತಿದೆ.

ಎರಡನೇ ವಾರ ಹೇಇನ್ಸಾ ಅನ್ನುವ ಬೌದ್ಧ ದೇವಾಲಯಕ್ಕೆ ಹೋದೆವು. ದೇಗು ಊರಿನವರೆಗೆ ರೈಲು, ಅಲ್ಲಿಂದ ಬಸ್ಸು. ಗಾಯಾಸಾನ್ ಬೆಟ್ಟದ ಮಡಿಲಲ್ಲಿ ಇದೆ. ಎಲೆ ಉದುರಿದ ಕಾಡು, ಹೊಳೆಯ ಸದ್ದು, ಬೆಳಗಾಗುವ ಮೊದಲು ಚರ್ಮದ ನಗಾರಿ, ಮರದ ಮೀನು, ಕಂಚಿನ ಫಲಕ, ದೊಡ್ಡ ಗಂಟೆ ಒಂದರ ಹಿಂದೆ ಒಂದು ಬಾರಿಸುತ್ತಾರೆ. ನೀರಿನಲ್ಲಿ, ನೆಲದಲ್ಲಿ, ಗಾಳಿಯಲ್ಲಿ ಇರುವ ಎಲ್ಲ ಜೀವಗಳಿಗೂ ಕೇಳಲಿ ಅಂತ. ರಾತ್ರಿ ಅಲ್ಲೇ ಉಳಿಯಬಹುದು. ಅಲ್ಲಿ ನನಗೆ ಊಟದ ಚಿಂತೆಯೇ ಇರಲಿಲ್ಲ. ಮೀನಿಲ್ಲ, ಮಾಂಸವಿಲ್ಲ, ಬೆಳ್ಳುಳ್ಳಿ, ಈರುಳ್ಳಿಯೂ ಇಲ್ಲ. ಹಾಕಿಸಿಕೊಂಡ ಅನ್ನದಲ್ಲಿ ಒಂದು ಅಗುಳೂ ಬಿಡಬಾರದು. ಸನ್ಯಾಸಿಗಳ ಪದ್ಧತಿಯಲ್ಲಿ ಬಟ್ಟಲು ತೊಳೆದ ನೀರನ್ನೂ ಕುಡಿಯುತ್ತಾರೆ. ಕಮಲದ ದಂಟಿನ ಪಲ್ಯ, ಅಣಬೆ, ತೋಫು, ಬೆಳ್ಳುಳ್ಳಿ ಇಲ್ಲದ ಕಿಮ್ಚಿ. ಮೂರು ವಾರದಲ್ಲಿ ನಾನು ಹೊಟ್ಟೆ ತುಂಬಾ ಉಂಡದ್ದು ಅಂದರೆ ಅಲ್ಲಿ.

ನಾವು ಹೋದದ್ದು ಮರದ ಅಚ್ಚುಗಳನ್ನು ನೋಡಲು. ಹದಿಮೂರನೇ ಶತಮಾನದಲ್ಲಿ ಮಂಗೋಲರು ದೇಶವನ್ನು ಸುಡುತ್ತಿದ್ದಾಗ, ಬುದ್ಧನ ಮಾತುಗಳನ್ನೆಲ್ಲ ಮರದ ಹಲಗೆಯಲ್ಲಿ ಕೊರೆಸಿದರು. ಯುದ್ಧದ ನಡುವೆ ಅದು ಅವರ ಪ್ರಾರ್ಥನೆ. ಒಟ್ಟು 81,258 ಹಲಗೆ, ಎರಡೂ ಬದಿಗೆ ಅಕ್ಷರ, ಐದು ಕೋಟಿಗೂ ಹೆಚ್ಚು ಅಕ್ಷರ, ಎಲ್ಲವೂ ತಿರುಗುಮುರುಗಾಗಿ ಕೊರೆದದ್ದು. ಮರವನ್ನು ವರ್ಷಗಟ್ಟಲೆ ಸಮುದ್ರದ ನೀರಿನಲ್ಲಿ ನೆನೆಹಾಕಿ, ಉಪ್ಪುನೀರಿನಲ್ಲಿ ಕುದಿಸಿ, ನೆರಳಲ್ಲಿ ಒಣಗಿಸಿದರು ಅಂತ ಹೇಳುತ್ತಾರೆ. ಅಲ್ಲೂ ಉಪ್ಪು! ನಾನು ಮಗಳ ಕೈ ಹಿಡಿದುಕೊಂಡೆ. ಹಲಗೆ ಇಟ್ಟ ಕಟ್ಟಡ ಹದಿನೈದನೇ ಶತಮಾನದ್ದು. ಮುಂದಿನ ಗೋಡೆಯಲ್ಲಿ ಕೆಳಗಿನ ಕಿಟಕಿ ದೊಡ್ಡದು, ಮೇಲಿನದು ಸಣ್ಣದು. ಹಿಂದಿನ ಗೋಡೆಯಲ್ಲಿ ಅದರ ಉಲ್ಟಾ. ಒಳಗೆ ಬಂದ ಗಾಳಿ ಇಡೀ ಕೋಣೆ ಸುತ್ತಿ ಹೊರಗೆ ಹೋಗಬೇಕು, ಅದಕ್ಕೆ. ನೆಲದ ಕೆಳಗೆ ಇದ್ದಿಲು, ಸುಣ್ಣ, ಉಪ್ಪು ತುಂಬಿದ್ದಾರೆ, ತೇವ ಹೀರಲು. ಕಳೆದ ಶತಮಾನದಲ್ಲಿ ಇದಕ್ಕೆ ಹೊಸ ಕಾಲದ ಕಟ್ಟಡ ಮಾಡಿ, ಕೆಲವು ಹಲಗೆ ಇಟ್ಟು ನೋಡಿದರೆ ಬೂಷ್ಟು ಬಂತಂತೆ. ಹಾಗಾಗಿ ಹಳೆಯದರಲ್ಲೇ ಬಿಟ್ಟರು.

1951ರಲ್ಲಿ, ಕೊರಿಯಾ ಯುದ್ಧದ ನಡುವೆ, ಈ ಬೆಟ್ಟದಲ್ಲಿ ಶತ್ರುಗಳು ಅಡಗಿದ್ದಾರೆ ಅಂತ ಬಾಂಬು ಹಾಕಲು ಆಜ್ಞೆಯಾಗಿತ್ತು. ವಿಮಾನಗಳ ತಂಡದ ಮುಂದಾಳು ಕಿಮ್ ಯೊಂಗ್‌ಹ್ವಾನ್ ಬಾಂಬು ಹಾಕಲಿಲ್ಲ, ಉಳಿದವರಿಗೂ ಬೇಡ ಅಂದರು. ಒಬ್ಬ ಮನುಷ್ಯ ಆ ಹೊತ್ತಿಗೆ ಕೈ ತಡೆದದ್ದರಿಂದ ಏಳುನೂರು ವರ್ಷದ ಅಕ್ಷರ ಉಳಿಯಿತು. ಕಿಟಕಿಯ ಕಂಬಿಗಳ ಸಂದಿಯಿಂದ ನಾವು ನೋಡಿದ್ದು ಕತ್ತಲಲ್ಲಿ ಸಾಲು ಸಾಲು ಹಲಗೆಯ ಅಂಚುಗಳನ್ನು ಮಾತ್ರ. ಮೂಡುಬಿದಿರೆಯ ಬಸದಿಯಲ್ಲಿ ಹಳಗನ್ನಡ ಲಿಪಿಯ ಧವಳಾ ಅನ್ನುವ ಜೈನ ಗ್ರಂಥದ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದವರು ನೆನಪಾದರು. ಅವರ ಮತ್ತು ಇವರ ಕೆಲಸ ಒಂದೇ.

ಕೊನೆಯ ವಾರ ಉತ್ತರ ಕೊರಿಯಾದ ಗಡಿಗೆ ಹೋದೆವು. ಇದನ್ನು ನಾನು ಪ್ರವಾಸ ಅಂತ ಕರೆಯಲಾರೆ. 1953ರ ಜುಲೈ 27ಕ್ಕೆ ಯುದ್ಧ ನಿಂತಿತು, ಮುಗಿಯಲಿಲ್ಲ. ದೇಶದ ನಡುವೆ ಸುಮಾರು 250 ಕಿಲೋಮೀಟರ್ ಉದ್ದ, 4 ಕಿಲೋಮೀಟರ್ ಅಗಲದ ಜಾಗ ಖಾಲಿ ಬಿದ್ದಿದೆ. ಇಮ್ಜಿನ್‌ಗಾಕ್ ಅನ್ನುವಲ್ಲಿ ಗುಂಡೇಟಿನ ತೂತು ತುಂಬಿದ ಒಂದು ಹಳೇ ರೈಲು ಎಂಜಿನ್ ನಿಲ್ಲಿಸಿದ್ದಾರೆ. ಮುಳ್ಳುತಂತಿಗೆ ಸಾವಿರಾರು ಬಣ್ಣದ ಪಟ್ಟಿ ಕಟ್ಟಿದ್ದಾರೆ, ಮೇಲೆ ಬರಹ. ನಾನು ಕಷ್ಟಪಟ್ಟು ಅಕ್ಷರ ಕೂಡಿಸಿ ಒಂದರಲ್ಲಿ "ಒಮೊನಿ" ಅಂತ ಓದಿದೆ. ಒಮೊನಿ ಅಂದರೆ ತಾಯಿ. ಪಕ್ಕದಲ್ಲಿ ಒಂದು ಕಲ್ಲಿನ ಕಟ್ಟೆ ಇದೆ. ಉತ್ತರದಿಂದ ಬಂದವರು ಹಬ್ಬದ ದಿನ ಅಲ್ಲಿ ನಿಂತು, ಆಚೆ ಇರುವ ಹಿರಿಯರ ಸಮಾಧಿಗಳ ಕಡೆ ಮುಖ ಮಾಡಿ ಎಡೆ ಇಡುತ್ತಾರೆ. 1983ರಲ್ಲಿ ಅವರ ಟೀವಿಯಲ್ಲಿ, ಕೆಬಿಎಸ್‌ನಲ್ಲಿ, ಕಳೆದುಹೋದ ನೆಂಟರನ್ನು ಹುಡುಕುವ ನೇರ ಪ್ರಸಾರ ಶುರು ಮಾಡಿದರು. ಜನ ಮುಗಿಬಿದ್ದರು. ಅದು 138 ದಿನ ನಡೆಯಿತು. ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ಒಬ್ಬರನ್ನೊಬ್ಬರು ಕಂಡುಕೊಂಡವು.

ಅಲ್ಲಿ ನಿಂತು ನಾನು ಮಗಳಿಗೆ ಜನರಲ್ ತಿಮ್ಮಯ್ಯನವರ ವಿಷಯ ಹೇಳಿದೆ. ಅವಳಿಗೆ ಗೊತ್ತಿರಲಿಲ್ಲ, ನಿಮ್ಮಲ್ಲೂ ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ಯುದ್ಧ ನಿಂತಾಗ ಸೆರೆಯಾಳುಗಳಲ್ಲಿ 22 ಸಾವಿರಕ್ಕೂ ಹೆಚ್ಚು ಜನ ತಮ್ಮ ದೇಶಕ್ಕೆ ವಾಪಸು ಹೋಗುವುದಿಲ್ಲ ಅಂದರು. ಅವರನ್ನು ಏನು ಮಾಡುವುದು ಅಂತ ತೀರ್ಮಾನಿಸಲು ಐದು ದೇಶಗಳ ಆಯೋಗ ಮಾಡಿದರು. ಅದರ ಅಧ್ಯಕ್ಷರು ನಮ್ಮ ಕೊಡಗಿನ ಕೋದಂಡೇರ ಸುಬ್ಬಯ್ಯ ತಿಮ್ಮಯ್ಯ. ಸೆರೆಯಾಳುಗಳನ್ನು ಕಾಯ್ದದ್ದು ಭಾರತದ ಸೈನಿಕರು, ಇದೇ ಗಡಿಯ ಜಾಗದಲ್ಲಿ ಡೇರೆ ಹಾಕಿಕೊಂಡು, ಆ ಚಳಿಯಲ್ಲಿ. ಅವರಿದ್ದ ಜಾಗಕ್ಕೆ ಹಿಂದ್ ನಗರ ಅಂತ ಹೆಸರಿಟ್ಟಿದ್ದರು. ಎರಡೂ ಕಡೆಯವರಿಗೆ ಅನುಮಾನ, ಎರಡೂ ಕಡೆಯವರ ಬೈಗುಳ. 1954ರಲ್ಲಿ ಕೆಲಸ ಮುಗಿದಾಗ, ಎರಡೂ ಕಡೆ ಬೇಡ ಅಂದ 88 ಜನ ನಮ್ಮ ಸೈನಿಕರ ಜೊತೆ ಹಡಗಿನಲ್ಲಿ ಭಾರತಕ್ಕೇ ಬಂದರು. ಮಡಿಕೇರಿಯಲ್ಲಿ ತಿಮ್ಮಯ್ಯನವರು ಹುಟ್ಟಿ ಬೆಳೆದ ಸನ್ನಿಸೈಡ್ ಮನೆ ಈಗ ಮ್ಯೂಸಿಯಂ ಆಗಿದೆ. ಕೊಡಗಿಗೆ ಹೋದಾಗ ಬರೀ ಅಬ್ಬಿ ಜಲಪಾತ ನೋಡಿ ಬರಬೇಡಿ, ದಯವಿಟ್ಟು ಅಲ್ಲಿಗೂ ಹೋಗಿ.

ವಾಪಸು ಬಂದ ಸಂಜೆ ಹಲ್ಮೊನಿಗೆ ಎಲ್ಲಿಗೆ ಹೋಗಿದ್ದೆವು ಅಂತ ಹೇಳಿದೆವು. ಅವರು ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಬಾಪ್ ಮೊಗೊಸ್ಸೊಯೊ ಅಂತ ಕೇಳಿದರು. ಆಗಿಲ್ಲ ಅಂದೆವು. ನನ್ನ ಪಾತ್ರೆಯ ಕಿಮ್ಚಿಗೆ ಅಷ್ಟರಲ್ಲಿ ಹುಳಿ ಬರಲು ಶುರುವಾಗಿತ್ತು, ಅದನ್ನೇ ಹೆಚ್ಚಿ ಅನ್ನದ ಜೊತೆ ಕೊಟ್ಟರು.

ಹೊರಡುವ ದಿನ ಎರಡನೇ ಮಿಡಿ ಡಬ್ಬಿಯನ್ನು ಮಗಳಿಂದ ಕೇಳಿ ಅವರಿಗೆ ಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡರು. ಮೊನ್ನೆ ಮಗಳು ಒಂದು ಫೋಟೋ ಕಳಿಸಿದ್ದಾಳೆ. ಮಿಡಿ ಎಲ್ಲ ಖಾಲಿಯಾಗಿದೆ. ಉಳಿದ ಸಾಸಿವೆ, ಮೆಣಸಿನ ರಸವನ್ನು ಚೆಲ್ಲದೆ, ಮೂಲಂಗಿ ಹೋಳು ಮಾಡಿ ಅದರಲ್ಲಿ ಹಾಕಿ, ತಾರಸಿಯ ಸಾಲಿನ ಕೊನೆಯಲ್ಲಿ ಒಂದು ಸಣ್ಣ ಜಾಡಿಯಲ್ಲಿ ಇಟ್ಟಿದ್ದಾರೆ. ಈಗ ಅಲ್ಲಿ ಹನ್ನೆರಡು ಜಾಡಿ.